ಕಾಲೇಜು ಸುಳ್ಳು ಹೇಳಿ ಸೇರಿಸಿಕೊಂಡಿತ್ತೇ? ಅಮೆರಿಕದ ವಿದ್ಯಾಸಾಲದಿಂದ ಬಿಡುಗಡೆ ಕೇಳುವ ಬಗೆ

ಅಮೆರಿಕದಲ್ಲಿ ಲಾಭಕ್ಕೆಂದೇ ಕಾಲೇಜು ನಡೆಸುವುದು ಕದ್ದುಮುಚ್ಚಿ ಮಾಡುವ ವ್ಯವಹಾರವಲ್ಲ. ಷೇರುಪೇಟೆಯಲ್ಲಿ ಹೆಸರಿರುವ ಕಂಪನಿಗಳೇ ಇಂಥ ಕಾಲೇಜುಗಳನ್ನು ನಡೆಸಿವೆ, ಟಿವಿಯಲ್ಲಿ ಜಾಹೀರಾತು ಸುರಿದಿವೆ. ಅಲ್ಲಿಗೆ ಸೇರುವವರು ಬಹಳ ಸಲ ಹದಿನೆಂಟರ ಹುಡುಗರಲ್ಲ. ಹಗಲು ದುಡಿದು ರಾತ್ರಿ ಓದುವವರು, ಒಬ್ಬರೇ ಮಕ್ಕಳನ್ನು ಸಾಕುವ ತಾಯಂದಿರು, ಸೈನ್ಯದಿಂದ ನಿವೃತ್ತರಾದವರು, ಹೊಸದಾಗಿ ವಲಸೆ ಬಂದವರು. ಶುಲ್ಕದ ಬಹುಪಾಲು ಬರುವುದು ಕೇಂದ್ರ ಸರ್ಕಾರ ಕೊಡುವ ವಿದ್ಯಾಸಾಲ ಮತ್ತು ಧನಸಹಾಯದಿಂದ. ಹೀಗಾಗಿ ಕಾಲೇಜಿಗೆ ಹಣ ಮೊದಲೇ ಸಂದಾಯವಾಗಿರುತ್ತದೆ. ಓದಿದ್ದು ಕೆಲಸಕ್ಕೆ ಬಂದರೂ ಬಾರದಿದ್ದರೂ ಸಾಲ ಮಾತ್ರ ವಿದ್ಯಾರ್ಥಿಯ ತಲೆಯ ಮೇಲೆಯೇ ಉಳಿಯುತ್ತದೆ.

ಕಾಲೇಜು ಸುಳ್ಳು ಹೇಳಿ ಸೇರಿಸಿಕೊಂಡಿದ್ದರೆ ಆ ಸಾಲವನ್ನು ತೀರಿಸಲಾರೆ ಎಂದು ವಾದಿಸುವ ಹಕ್ಕನ್ನು ಅಮೆರಿಕದ ಕಾನೂನು 1993ರಲ್ಲೇ ಸಾಲಗಾರರಿಗೆ ಕೊಟ್ಟಿದೆ. ಅದರ ಹೆಸರು ‘ಬಾರೋವರ್ ಡಿಫೆನ್ಸ್ ಟು ರಿಪೇಮೆಂಟ್’. ಎರಡು ದಶಕ ಈ ಹಕ್ಕು ಪುಸ್ತಕದಲ್ಲೇ ಮಲಗಿತ್ತು. 2015ರ ಏಪ್ರಿಲ್‌ನಲ್ಲಿ ಎವರೆಸ್ಟ್, ಹೀಲ್ಡ್, ವಯೋಟೆಕ್ ಎಂಬ ಹೆಸರುಗಳಲ್ಲಿ ಕಾಲೇಜು ನಡೆಸುತ್ತಿದ್ದ ಕೊರಿಂಥಿಯನ್ ಕಂಪನಿ ಬಾಗಿಲು ಹಾಕಿದಾಗಲೇ ಜನ ಇದನ್ನು ಹುಡುಕಿಕೊಂಡು ಬಂದದ್ದು.

ನಮ್ಮ ಕಡೆ ಸಾಲಮನ್ನಾ ಎಂದರೆ ಚುನಾವಣೆಯ ಹೊತ್ತಿಗೆ ಸರ್ಕಾರ ಹಂಚುವ ಪ್ರಸಾದ. ಅಧ್ಯಕ್ಷ ಬೈಡನ್ ಎಲ್ಲರಿಗೂ ಒಂದಿಷ್ಟು ಸಾಲ ಮನ್ನಾ ಮಾಡಲು ಹೊರಟಿದ್ದು, 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದ್ದು ನಿಮಗೆ ನೆನಪಿರಬಹುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ತೀರ್ಪು ಬಂದಿತೆಂದು ಇದೂ ಮುಗಿದುಹೋಯಿತು ಎಂದುಕೊಂಡು ಸುಮ್ಮನಾದವರು ಬೇಕಾದಷ್ಟಿದ್ದಾರೆ. ಇದು ಯಾರ ಕೃಪೆಯೂ ಅಲ್ಲ. ಮೋಸ ಹೋದದ್ದನ್ನು ತೋರಿಸಿಕೊಟ್ಟವರಿಗೆ ಸಿಗುವ ಪರಿಹಾರ. ತೋರಿಸಿಕೊಡುವುದು ಹೇಗೆ ಎಂಬುದೇ ಈ ಲೇಖನದ ಮುಖ್ಯ ವಿಷಯ. ಉಳಿದದ್ದೆಲ್ಲ ಕಚೇರಿ ಕೆಲಸ.

ಸಾಲ ಯಾರದ್ದು ಎಂದು ಮೊದಲು ನೋಡಿ

ಈ ಪರಿಹಾರ ಅನ್ವಯಿಸುವುದು ಕೇಂದ್ರ ಸರ್ಕಾರದ ವಿದ್ಯಾಸಾಲಕ್ಕೆ ಮಾತ್ರ. ಖಾಸಗಿ ಬ್ಯಾಂಕಿನ ಸಾಲಕ್ಕಲ್ಲ. ಕಂತು ಕಟ್ಟಿಸಿಕೊಳ್ಳುವ ಕಂಪನಿಯ ಹೆಸರು ನೋಡಿ ಇದನ್ನು ತೀರ್ಮಾನಿಸಬೇಡಿ. ಸರ್ಕಾರದ ಸಾಲವನ್ನೂ ಖಾಸಗಿ ಕಂಪನಿಗಳೇ ವಸೂಲಿ ಮಾಡಿಕೊಡುತ್ತವೆ.

ಕೇಂದ್ರ ಶಿಕ್ಷಣ ಇಲಾಖೆಯ ‘ಸ್ಟೂಡೆಂಟ್‌ಏಡ್ ಡಾಟ್ ಗವ್’ ತಾಣಕ್ಕೆ ಹೋಗಿ ನಿಮ್ಮ ಖಾತೆಯಿಂದ ಒಳಹೊಕ್ಕರೆ ‘ಮೈ ಏಡ್’ ಎಂಬ ಪುಟ ಸಿಗುತ್ತದೆ. ಅಲ್ಲಿ ನಿಮ್ಮ ಸಾಲದ ಪೂರ್ತಿ ಮಾಹಿತಿಯನ್ನು ಒಂದು ಕಡತವಾಗಿ ಇಳಿಸಿಕೊಳ್ಳಬಹುದು. ನೋಡಲು ಅಂದವಿಲ್ಲದ, ಸಾಲುಸಾಲಾಗಿ ಅಕ್ಷರ ತುಂಬಿದ ಕಡತ ಅದು. ಆದರೆ ಮುಂದೆ ಬೇಕಾಗುವುದೆಲ್ಲ ಅದರಲ್ಲೇ ಇದೆ: ಯಾವ ಬಗೆಯ ಸಾಲ, ಯಾವ ಕಾಲೇಜಿನ ಹೆಸರಿನಲ್ಲಿ, ಯಾವ ದಿನ ಎಷ್ಟು ಬಿಡುಗಡೆಯಾಯಿತು, ಈಗ ಅಸಲೆಷ್ಟು, ಬಡ್ಡಿ ಎಷ್ಟು. ಅದನ್ನು ಮುದ್ರಿಸಿಟ್ಟುಕೊಳ್ಳಿ. ಈ ಕಡತದಲ್ಲಿ ಕಾಣಿಸದ ವಿದ್ಯಾಸಾಲವಿದ್ದರೆ ಅದು ಬಹುತೇಕ ಖಾಸಗಿ ಸಾಲ.

ಸಾಲದ ಹೆಸರಿನಲ್ಲಿ ‘ಡೈರೆಕ್ಟ್’ ಎಂದಿದ್ದರೆ ದಾರಿ ಸಲೀಸು. ‘ಎಫ್‌ಎಫ್‌ಇಎಲ್’ ಎಂದಿದ್ದರೆ ಅದು 2010ರ ಜೂನ್ 30ರವರೆಗೆ ಬ್ಯಾಂಕುಗಳು ಸರ್ಕಾರದ ಖಾತರಿಯ ಮೇಲೆ ಕೊಡುತ್ತಿದ್ದ ಹಳೆಯ ಸಾಲ. ಅಂಥವರೂ ಅರ್ಜಿ ಹಾಕಬಹುದು. ಮಂಜೂರಾದರೆ ಆ ಸಾಲವನ್ನು ಡೈರೆಕ್ಟ್ ಸಾಲವಾಗಿ ಒಗ್ಗೂಡಿಸಿಕೊಳ್ಳಬೇಕಾಗುತ್ತದೆ. ಅರ್ಜಿಗೆ ಮುಂಚೆಯೇ ಅವಸರಪಟ್ಟು ಒಗ್ಗೂಡಿಸಲು ಹೋಗಬೇಡಿ. ಸಾಲದ ದಿನಾಂಕ ಬದಲಾದರೆ ಅನ್ವಯವಾಗುವ ನಿಯಮವೂ ಬದಲಾಗಬಹುದು. ಮೊದಲು ಇಲಾಖೆಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಮಗಳ ಓದಿಗೆ ಅಪ್ಪನೋ ಅಮ್ಮನೋ ತಮ್ಮ ಹೆಸರಿನಲ್ಲೇ ‘ಪೇರೆಂಟ್ ಪ್ಲಸ್’ ಸಾಲ ತೆಗೆದಿದ್ದರೆ ಅರ್ಜಿದಾರರು ಅಪ್ಪ ಅಥವಾ ಅಮ್ಮನೇ. ಕಾಲೇಜು ಸುಳ್ಳು ಹೇಳಿದ್ದು ಮಗಳಿಗಾಗಿದ್ದರೂ ಅದನ್ನು ಆಧಾರವಾಗಿ ತೋರಿಸಬಹುದು. ಮಗಳ ಹೆಸರಿನಲ್ಲೂ ಬೇರೆ ಸಾಲವಿದ್ದರೆ ಅವಳದು ಪ್ರತ್ಯೇಕ ಅರ್ಜಿ.

ಇಲ್ಲೊಂದು ಮಾತು, ಊರಿನಿಂದ ಓದಲು ಬಂದವರಿಗೆ. ಕೇಂದ್ರ ಸರ್ಕಾರದ ವಿದ್ಯಾಸಾಲ ಸಿಗುವುದು ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ, ನಿರಾಶ್ರಿತರಂಥ ಇನ್ನು ಕೆಲವರಿಗೆ. ಎಫ್-1 ವೀಸಾದಲ್ಲಿ ಬಂದ ವಿದ್ಯಾರ್ಥಿಗಳಿಗೆ, ಎಚ್-4 ವೀಸಾದಲ್ಲಿರುವ ಸಂಗಾತಿಗಳಿಗೆ ಇಲ್ಲ. ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿದ್ದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯವನ್ನು 2011ರಲ್ಲಿ ಮುಚ್ಚಿಸಿದಾಗ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಭಾರತೀಯ ವಿದ್ಯಾರ್ಥಿಗಳು. ಅಂಥವರು ಊರಿನ ಬ್ಯಾಂಕಿನಲ್ಲಿ ತೆಗೆದ ಸಾಲಕ್ಕೆ ಈ ಅರ್ಜಿಯಿಂದ ಚಿಕ್ಕಾಸೂ ಕಡಿಮೆಯಾಗದು. ಭಾರತದ ಬ್ಯಾಂಕಿನ ಸಾಲ ಭಾರತದ ಕರಾರಿನ ಪ್ರಕಾರವೇ ನಡೆಯುತ್ತದೆ.

ನಿಮ್ಮ ಕಾಲೇಜಿನ ಹೆಸರು ಈಗಾಗಲೇ ಬಂದಿದೆಯೇ?

ಅರ್ಜಿ ಬರೆಯಲು ಕೂರುವ ಮುನ್ನ ಇದನ್ನು ಪರೀಕ್ಷಿಸಿ. ಇಲಾಖೆ ಕೆಲವು ಕಾಲೇಜುಗಳ ವಿಚಾರದಲ್ಲಿ ಒಬ್ಬೊಬ್ಬರ ಅರ್ಜಿಗೂ ಕಾಯದೆ, ಇಂತಿಂಥ ಅವಧಿಯಲ್ಲಿ ಓದಿದ ಎಲ್ಲರ ಸಾಲವನ್ನೂ ಒಟ್ಟಿಗೆ ರದ್ದುಪಡಿಸಿದೆ. ಕೊರಿಂಥಿಯನ್‌ನ 5,60,000 ಸಾಲಗಾರರಿಗೆ 580 ಕೋಟಿ ಡಾಲರ್ ಮನ್ನಾ ಆದದ್ದು 2022ರ ಜೂನ್‌ನಲ್ಲಿ. ಅದೇ ಆಗಸ್ಟ್‌ನಲ್ಲಿ ಐಟಿಟಿ ಟೆಕ್‌ನ 2,08,000 ಮಂದಿಗೆ 390 ಕೋಟಿ ಡಾಲರ್, ವೆಸ್ಟ್‌ವುಡ್ ಕಾಲೇಜಿನ 79,000 ಮಂದಿಗೆ 150 ಕೋಟಿ ಡಾಲರ್. 2024ರ ಮೇ 1ರಂದು ಆರ್ಟ್ ಇನ್‌ಸ್ಟಿಟ್ಯೂಟ್ಸ್ ಸರದಿ: 2004ರ ಜನವರಿ 1ರಿಂದ 2017ರ ಅಕ್ಟೋಬರ್ 16ರ ನಡುವೆ ಅಲ್ಲಿ ಓದಿದ 3,17,000 ಮಂದಿಗೆ 610 ಕೋಟಿ ಡಾಲರ್. 2025ರ ಜನವರಿಯಲ್ಲಿ ಆಶ್‌ಫರ್ಡ್ ವಿಶ್ವವಿದ್ಯಾಲಯದ 2,61,000 ಮಂದಿಗೆ ಮನ್ನಾ ಘೋಷಣೆಯಾಯಿತು.

ಈ ಪಟ್ಟಿಯಲ್ಲಿ ನಿಮ್ಮ ಕಾಲೇಜೂ ಅವಧಿಯೂ ಹೊಂದಿ, ಸಾಲ ಇನ್ನೂ ಖಾತೆಯಲ್ಲಿ ಕಾಣುತ್ತಿದ್ದರೆ ಹೊಸ ಅರ್ಜಿಗಿಂತ ಮೊದಲು ಇಲಾಖೆಯನ್ನು ವಿಚಾರಿಸಿ. ವಿಳಾಸ ಬದಲಾಗಿ, ಹಳೆಯ ಇಮೇಲ್ ಬಿಟ್ಟುಹೋಗಿ, ಪತ್ರ ಕೈಗೆ ಸೇರದೆ ಉಳಿದವರೂ ಇರುತ್ತಾರೆ. ತಾಣದಲ್ಲಿ ನಿಮ್ಮ ಅಂಚೆ ವಿಳಾಸ, ಫೋನ್, ಇಮೇಲ್ ಸರಿಪಡಿಸುವುದು ಐದು ನಿಮಿಷದ ಕೆಲಸ.

ಇನ್ನೊಂದು ಗುಂಪಿದೆ. ಅರ್ಜಿಗಳನ್ನು ವರ್ಷಗಟ್ಟಲೆ ಕೊಳೆಹಾಕಿದ್ದಕ್ಕೆ 2019ರಲ್ಲಿ ಸಾಲಗಾರರು ಇಲಾಖೆಯ ಮೇಲೆ ಹೂಡಿದ ‘ಸ್ವೀಟ್’ ಮೊಕದ್ದಮೆಯಲ್ಲಿ ಒಪ್ಪಂದವಾಗಿ, 2022ರ ನವೆಂಬರ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅದಕ್ಕೆ ಅಂತಿಮ ಒಪ್ಪಿಗೆ ಕೊಟ್ಟರು. 2022ರ ಜೂನ್ 22ಕ್ಕೆ ಅರ್ಜಿ ಬಾಕಿಯಿದ್ದವರು ಒಂದು ಗುಂಪು. ಅದರ ಮರುದಿನದಿಂದ ನವೆಂಬರ್ 15ರವರೆಗೆ ಅರ್ಜಿ ಹಾಕಿದವರು ಮತ್ತೊಂದು ಗುಂಪು. ಎರಡನೆಯವರ ಅರ್ಜಿ 2026ರ ಜನವರಿ 28ರೊಳಗೆ ತೀರ್ಮಾನವಾಗಬೇಕೆಂದು ಒಪ್ಪಂದದಲ್ಲಿ ಬರೆದಿತ್ತು. ಆ ತಿಂಗಳುಗಳಲ್ಲಿ ಅರ್ಜಿ ಹಾಕಿದ್ದರೆ ಅದರ ಸಂಖ್ಯೆಯಿರುವ ಇಮೇಲ್ ಹುಡುಕಿ ತೆಗೆಯಿರಿ. ನಿಮಗೆ ಅನ್ವಯಿಸುವುದು ಒಪ್ಪಂದದ ಶರತ್ತುಗಳೇ ಹೊರತು ಹೊಸ ಅರ್ಜಿದಾರರ ನಿಯಮಗಳಲ್ಲ. ಈ ಮೊಕದ್ದಮೆ ನಡೆಸಿದ ‘ಪ್ರಾಜೆಕ್ಟ್ ಆನ್ ಪ್ರೆಡೇಟರಿ ಸ್ಟೂಡೆಂಟ್ ಲೆಂಡಿಂಗ್’ ಎಂಬ ವಕೀಲರ ಸಂಸ್ಥೆ ತನ್ನ ತಾಣದಲ್ಲಿ ಬೆಳವಣಿಗೆಗಳನ್ನು ಬರೆಯುತ್ತಿರುತ್ತದೆ. ಓದಲು ಸರಳವಾಗಿದೆ.

ಕಾಲೇಜೇ ಮುಚ್ಚಿಹೋಗಿದ್ದರೆ

ಸುಳ್ಳಿನ ವಿಷಯವೇ ಎತ್ತದೆ ಬಿಡುಗಡೆ ಪಡೆಯುವ ಸುಲಭದ ದಾರಿ ಒಂದಿದೆ. ನೀವು ಓದುತ್ತಿರುವಾಗಲೇ ಕಾಲೇಜು ಮುಚ್ಚಿದರೆ, ಅಥವಾ ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ನೀವು ಬಿಟ್ಟಿದ್ದರೆ, ‘ಕ್ಲೋಸ್ಡ್ ಸ್ಕೂಲ್ ಡಿಸ್‌ಚಾರ್ಜ್’ ಕೇಳಬಹುದು. ಆ ‘ಸ್ವಲ್ಪ ಮುಂಚೆ’ ಎಂಬುದಕ್ಕೆ ಲೆಕ್ಕವಿದೆ: 2020ರ ಜುಲೈ 1ಕ್ಕೆ ಮೊದಲು ಬಿಡುಗಡೆಯಾದ ಸಾಲಕ್ಕೆ 120 ದಿನ, ಆಮೇಲಿನದಕ್ಕೆ 180 ದಿನ. ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದಿದ್ದರೆ ಈ ದಾರಿ ಇಲ್ಲ. ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು, ಅಂದರೆ ಮುಗಿಸಿದ ಪಾಠಗಳ ಲೆಕ್ಕವನ್ನು, ಬೇರೆ ಕಾಲೇಜಿಗೆ ಒಯ್ದು ಅದೇ ಬಗೆಯ ಕೋರ್ಸ್ ಪೂರೈಸಿದ್ದರೂ ಇಲ್ಲ.

ನಿಮ್ಮ ಸಹಿಯನ್ನೇ ಬೇರೆಯವರು ಹಾಕಿ ಸಾಲ ಎತ್ತಿದ್ದರೆ, ಅಥವಾ ಸಾಲ ಪಡೆಯಲು ನಿಮಗೆ ಅರ್ಹತೆಯಿಲ್ಲದಿದ್ದರೂ ಇದೆಯೆಂದು ಕಾಲೇಜು ದೃಢೀಕರಿಸಿದ್ದರೆ ಅದಕ್ಕೆ ‘ಫಾಲ್ಸ್ ಸರ್ಟಿಫಿಕೇಷನ್’ ಎಂಬ ಬೇರೆಯೇ ಅರ್ಜಿ.

ಕ್ಯಾಲಿಫೋರ್ನಿಯಾದಲ್ಲಿ ಓದಿದವರು ಒಂದನ್ನು ಮರೆಯಬಾರದು. ಖಾಸಗಿ ಕಾಲೇಜುಗಳ ಮೇಲ್ವಿಚಾರಣೆ ನೋಡುವ ಅಲ್ಲಿನ ರಾಜ್ಯ ಬ್ಯೂರೋ ‘ಸ್ಟೂಡೆಂಟ್ ಟ್ಯೂಷನ್ ರಿಕವರಿ ಫಂಡ್’ ಎಂಬ ನಿಧಿ ಇಟ್ಟುಕೊಂಡಿದೆ. ಕಾಲೇಜು ಮುಚ್ಚಿ ಕೈಯಿಂದ ಕಟ್ಟಿದ ಶುಲ್ಕ ಕಳೆದುಕೊಂಡವರು ಇಲ್ಲಿ ಕೇಳಬಹುದು. ಬೇರೆ ಕೆಲವು ರಾಜ್ಯಗಳಲ್ಲೂ ಇಂಥ ನಿಧಿಗಳಿವೆ. ರಾಜ್ಯ ಸರ್ಕಾರದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಅವರ ಕಚೇರಿಯಲ್ಲಿ ಕೇಳಿದರೆ ತಿಳಿಯುತ್ತದೆ.

ಸಾಲದ ದಿನಾಂಕ ಏಕೆ ಮುಖ್ಯ

ಬಾರೋವರ್ ಡಿಫೆನ್ಸ್ ಎಂಬ ಒಂದೇ ಹಕ್ಕಿಗೆ ಮೂರು ಬಗೆಯ ನಿಯಮಗಳಿವೆ. ಸರ್ಕಾರ ಬದಲಾದಾಗಲೆಲ್ಲ ನಿಯಮವನ್ನೂ ತಿದ್ದಿದ್ದರ ಫಲ ಇದು. ಬೇಸರದ ಭಾಗ, ಆದರೂ ಓದಿಕೊಳ್ಳಿ.

2017ರ ಜುಲೈ 1ಕ್ಕೆ ಮೊದಲು ಬಿಡುಗಡೆಯಾದ ಸಾಲಕ್ಕೆ ನೀವಿದ್ದ ರಾಜ್ಯದ ಕಾನೂನಿನ ಪ್ರಕಾರ ಕಾಲೇಜು ತಪ್ಪಿತಸ್ಥವೇ ಎಂದು ನೋಡುತ್ತಾರೆ. ಅಲ್ಲಿಂದ 2020ರ ಜೂನ್ 30ರವರೆಗಿನ ಸಾಲಕ್ಕೆ ಕಾಲೇಜು ಗಣನೀಯವಾದ ತಪ್ಪು ಮಾಹಿತಿ ಕೊಟ್ಟಿತೇ, ಕರಾರು ಮುರಿಯಿತೇ, ಅದರ ವಿರುದ್ಧ ನ್ಯಾಯಾಲಯದ ತೀರ್ಪಿದೆಯೇ ಎಂಬುದು ಅಳತೆ. 2020ರ ಜುಲೈ 1ರಿಂದ ಈಚಿನ ಸಾಲಕ್ಕೆ ಅಳತೆ ಬಿಗಿ. ಕಾಲೇಜು ಗೊತ್ತಿದ್ದೂ, ಇಲ್ಲವೇ ಸತ್ಯಾಸತ್ಯದ ಪರಿವೆಯಿಲ್ಲದೆ ಸುಳ್ಳು ಹೇಳಿತು, ಅದನ್ನು ನಂಬಿ ನೀವು ಸೇರಿದಿರಿ ಅಥವಾ ಮುಂದುವರಿದಿರಿ, ಅದರಿಂದ ನಿಮಗೆ ಹಣಕಾಸಿನ ನಷ್ಟವಾಯಿತು ಎಂಬ ಮೂರನ್ನೂ ತೋರಿಸಬೇಕು. ಕಾಲೇಜು ಬಿಟ್ಟ 3 ವರ್ಷದೊಳಗೆ ಅರ್ಜಿ ಹಾಕಬೇಕು. ಈ ಗಡುವಿನ ಬಗ್ಗೆ ಎಚ್ಚರ: 2021, 2022ರಲ್ಲಿ ಸೇರಿದವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಾಗದೆಯೇ ದಾಟಿಹೋಗುತ್ತದೆ.

ಸಾಲಗಾರರಿಗೆ ಹೆಚ್ಚು ಅನುಕೂಲವಾದ ಮತ್ತೊಂದು ನಿಯಮ 2023ರ ಜುಲೈ 1ರಿಂದ ಜಾರಿಗೆ ಬರಬೇಕಿತ್ತು. ಟೆಕ್ಸಾಸ್‌ನ ಖಾಸಗಿ ಕಾಲೇಜುಗಳ ಸಂಘ ಕೋರ್ಟಿಗೆ ಹೋಗಿ ಅದಕ್ಕೆ ತಡೆ ತಂದಿತು. 2025ರ ಜುಲೈ 4ರಂದು ಅಂಕಿತ ಬಿದ್ದ ಬಜೆಟ್ ಕಾನೂನು ಅದನ್ನು 2035ರವರೆಗೆ ಮುಂದೂಡಿತು. ಅಂತರ್ಜಾಲದಲ್ಲಿ ಸಿಗುವ ಹಳೆಯ ವಿವರಣೆಗಳಲ್ಲಿ ಎಷ್ಟೋ ಆ ನಿಯಮವನ್ನು ನೆಚ್ಚಿ ಬರೆದವು. ಓದುವ ಮೊದಲು ಬರೆದ ದಿನಾಂಕ ನೋಡಿ.

ನಿಮ್ಮ ಸಾಲಗಳು ಎರಡು ಅವಧಿಗೆ ಸೇರಿದ್ದರೆ ಬಿಗಿಯಾದ ಅಳತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ಅದಕ್ಕೆ ಸರಿಹೋಗುವಂತೆ ಬರೆದದ್ದು ಸಡಿಲವಾದದ್ದಕ್ಕೂ ಸಾಕಾಗುತ್ತದೆ.

ಸುಳ್ಳನ್ನು ಗುರುತಿಸುವುದು

ಅರ್ಜಿಗಳು ಬೀಳುವುದು ಇಲ್ಲೇ. ಕಾಲೇಜು ಕೆಟ್ಟದಾಗಿತ್ತು ಎಂಬುದು ಕಾರಣವಲ್ಲ. ಪಾಠ ನೀರಸ, ಅಧ್ಯಾಪಕರು ಸಿಡುಕು, ಅಂಕ ಕಡಿಮೆ ಕೊಟ್ಟರು, ಆಮೇಲೆ ಕೆಲಸವೂ ಸಿಗಲಿಲ್ಲ. ಇವೆಲ್ಲ ನಿಜವೇ ಇರಬಹುದು, ಆದರೆ ಇವುಗಳಿಂದ ಸಾಲ ಬಿಡುವುದಿಲ್ಲ. ಇಲಾಖೆಗೆ ಬೇಕಾದದ್ದು: ಕಾಲೇಜು ಇಂಥ ಮಾತು ಹೇಳಿತು, ಆ ಮಾತು ಸುಳ್ಳು.

ಹಾಗಾದರೆ ಎಂಥ ಸುಳ್ಳು? ಈಗಾಗಲೇ ಸಾಬೀತಾದವುಗಳನ್ನೇ ನೋಡಿ. ಆರ್ಟ್ ಇನ್‌ಸ್ಟಿಟ್ಯೂಟ್ಸ್ ತನ್ನ ಪದವೀಧರರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿಗೆ ಆರು ತಿಂಗಳೊಳಗೆ ತಮ್ಮ ಕ್ಷೇತ್ರದಲ್ಲೇ ಕೆಲಸ ಸಿಗುತ್ತದೆ ಎಂದು ಸಾರುತ್ತಿತ್ತು. ಇಲಾಖೆ ಲೆಕ್ಕ ತೆಗೆದಾಗ ಎಷ್ಟು ಧಾರಾಳವಾಗಿ ಎಣಿಸಿದರೂ ಶೇ 57 ದಾಟಲಿಲ್ಲ. ಒಂದು ಕ್ಯಾಂಪಸ್ಸಿನಲ್ಲಂತೂ ಪದವೀಧರರ ಸರಾಸರಿ ಸಂಬಳ ಏರಿಸಲು ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಅವರ ಆದಾಯವನ್ನೂ ಕೂಡಿಸಿದ್ದರು! ಫೀನಿಕ್ಸ್ ವಿಶ್ವವಿದ್ಯಾಲಯ ತನ್ನ ಜಾಹೀರಾತುಗಳಲ್ಲಿ ಎಟಿ ಆ್ಯಂಡ್ ಟಿ, ಮೈಕ್ರೋಸಾಫ್ಟ್, ಟ್ವಿಟರ್‌ನಂಥ ಕಂಪನಿಗಳ ಹೆಸರು ಹಾಕಿ, ಅವುಗಳ ಜೊತೆ ನಂಟಿರುವಂತೆ ಬಿಂಬಿಸಿತ್ತು. ಕೇಂದ್ರ ವ್ಯಾಪಾರ ಆಯೋಗ ಎಫ್‌ಟಿಸಿ ಅದರ ಮೇಲೆ ಕ್ರಮ ಜರುಗಿಸಿ 2019ರಲ್ಲಿ 19.1 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಇಲಿನಾಯ್‌ನಲ್ಲಿ ವೆಸ್ಟ್‌ವುಡ್ ಕಾಲೇಜು ಅಪರಾಧಶಾಸ್ತ್ರ ಓದಿದರೆ ಪೊಲೀಸ್ ಆಗಬಹುದು ಎಂದು ಸೇರಿಸಿಕೊಂಡಿತ್ತು. ಅದರ ಕ್ರೆಡಿಟ್‌ಗಳನ್ನು ಅಲ್ಲಿನ ಪೊಲೀಸ್ ಇಲಾಖೆಗಳು ಒಪ್ಪುತ್ತಲೇ ಇರಲಿಲ್ಲ. ಮರಿನೆಲ್ಲೊ ಸೌಂದರ್ಯ ಶಾಲೆಯಲ್ಲಿ ತಿಂಗಳುಗಟ್ಟಲೆ ಕಲಿಸುವವರೇ ಇಲ್ಲದೆ, ಕೂದಲು ಕತ್ತರಿಸುವುದನ್ನೂ ಸರಿಯಾಗಿ ಹೇಳಿಕೊಡದೆ ವಿದ್ಯಾರ್ಥಿಗಳನ್ನು ಕೂಡಿಹಾಕಿಕೊಂಡಿದ್ದರು.

ಅರ್ಜಿ ನಮೂನೆಯೂ ಇದೇ ಜಾಡಿನಲ್ಲಿ ಪ್ರಶ್ನೆ ಕೇಳುತ್ತದೆ: ಕೆಲಸ ಮತ್ತು ಸಂಬಳದ ಬಗ್ಗೆ ಏನು ಹೇಳಿದರು, ಕ್ರೆಡಿಟ್ ಬೇರೆಡೆ ನಡೆಯುತ್ತದೆ ಎಂದರೇ, ಕೋರ್ಸಿನ ವೆಚ್ಚ ಮತ್ತು ಸಾಲದ ಸ್ವರೂಪ ಹೇಗೆ ವಿವರಿಸಿದರು, ಕಲಿಕೆಯ ಸೌಲಭ್ಯಗಳೇನು ಎಂದರು, ಉದ್ಯೋಗ ಸಹಾಯ ಕೊಡುತ್ತೇವೆಂದರೇ, ‘ಇವತ್ತೇ ಸಹಿ ಹಾಕದಿದ್ದರೆ ಸೀಟು ಹೋಯಿತು’ ಎಂದು ಅವಸರಪಡಿಸಿದರೇ. ‘ಇದು ಸಾಲವಲ್ಲ, ಗ್ರ್ಯಾಂಟ್ (ತೀರಿಸಬೇಕಿಲ್ಲದ ಧನಸಹಾಯ)’ ಎಂದು ನಂಬಿಸಿ ಸಹಿ ಹಾಕಿಸಿಕೊಂಡದ್ದೂ ಇಲ್ಲಿಗೇ ಸೇರುತ್ತದೆ. ಎಲ್ಲ ಪ್ರಶ್ನೆಗಳಿಗೂ ಏನಾದರೊಂದು ಬರೆಯಬೇಕೆಂದಿಲ್ಲ. ಗಟ್ಟಿಯಾದ ಎರಡು ಸುಳ್ಳು, ಮಬ್ಬಾದ ಏಳು ದೂರುಗಳಿಗಿಂತ ವಾಸಿ.

ಕಾಗದಪತ್ರ

ಹಳೆಯ ಇಮೇಲ್ ಪೆಟ್ಟಿಗೆಯಲ್ಲಿ ಕಾಲೇಜಿನ ಹೆಸರು ಹಾಕಿ ಹುಡುಕುವುದರಿಂದ ಶುರುಮಾಡಿ. ಪ್ರವೇಶದ ಕರಾರುಪತ್ರ, ಕೈಪಿಡಿ, ಕರಪತ್ರ, ಶುಲ್ಕದ ರಸೀದಿ, ಅಂಕಪಟ್ಟಿ, ಪ್ರವೇಶ ವಿಭಾಗದವರು ಕಳಿಸಿದ ಸಂದೇಶಗಳು, ಅವರ ವಿಸಿಟಿಂಗ್ ಕಾರ್ಡ್ ಸಿಕ್ಕಿದರೆ ಅದೂ. ಬೇರೆ ಕಾಲೇಜು ‘ನಿಮ್ಮ ಕ್ರೆಡಿಟ್ ನಡೆಯುವುದಿಲ್ಲ’ ಎಂದು ಬರೆದ ಪತ್ರವಿದ್ದರೆ ಅದು ಚಿನ್ನ.

ಜಾಹೀರಾತು ಈಗ ಕಾಣಿಸುತ್ತಿಲ್ಲವೆಂದು ಕೈಚೆಲ್ಲಬೇಡಿ. ‘ವೇಬ್ಯಾಕ್ ಮೆಷಿನ್’ ಎಂಬ ಅಂತರ್ಜಾಲ ದಾಖಲೆಮನೆಯಲ್ಲಿ ಕಾಲೇಜಿನ ತಾಣದ ಹಳೆಯ ವಿಳಾಸ ಹಾಕಿದರೆ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ನೀವು ಸೇರಿದ ವರ್ಷದ, ಸೇರುವುದಕ್ಕೆ ಒಂದೆರಡು ತಿಂಗಳು ಮುಂಚಿನ ದಿನವೊಂದನ್ನು ಒತ್ತಿ. ಅವತ್ತು ಆ ಪುಟ ಹೇಗಿತ್ತೋ ಹಾಗೆಯೇ ಬರುವುದು ಸಾಮಾನ್ಯ. ‘ಪದವೀಧರರಲ್ಲಿ ಶೇ ಇಷ್ಟು ಮಂದಿಗೆ ಉದ್ಯೋಗ’ ಎಂಬ ಸಾಲು ಕಂಡರೆ ಮೇಲಿನ ದಿನಾಂಕವೂ ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ನಿಮ್ಮ ಕಾಲೇಜಿನ ಮೇಲೆ ಎಫ್‌ಟಿಸಿಯಾಗಲಿ, ಯಾವುದಾದರೂ ರಾಜ್ಯದ ಅಟಾರ್ನಿ ಜನರಲ್ ಆಗಲಿ ಹೂಡಿದ ಮೊಕದ್ದಮೆಯ ಪ್ರತಿ ಸಿಕ್ಕಿದರೆ ಅದನ್ನೂ ಲಗತ್ತಿಸಿ. ಸರ್ಕಾರದ ವಕೀಲರು ಕೋರ್ಟಿಗೆ ಬರೆದುಕೊಟ್ಟ ಮಾತು ನಿಮ್ಮ ಮಾತಿಗೆ ಬಲ ಕೊಡುತ್ತದೆ.

ಕಾಗದ ಒಂದೂ ಉಳಿದಿಲ್ಲವೇ? ಆಗಲೂ ಅರ್ಜಿ ಹಾಕಬಹುದು. ನೀವು ಪ್ರಮಾಣಪೂರ್ವಕವಾಗಿ ಬರೆದುಕೊಡುವ ಹೇಳಿಕೆಯೇ ಒಂದು ಸಾಕ್ಷ್ಯ. ಆದರೆ 2020ರ ಜುಲೈ ನಂತರದ ಸಾಲಕ್ಕೆ ಬರೀ ಹೇಳಿಕೆಯನ್ನು ನೆಚ್ಚಿಕೊಳ್ಳುವುದು ಕಷ್ಟ. ಸಹಪಾಠಿಗಳನ್ನು ಹುಡುಕಿ ಅವರ ಬಳಿ ಏನಿದೆ ಕೇಳಿ. ಹಾಗೆಯೇ, ಅರ್ಜಿಗೆ ಮುಂಚೆ ನಿಮ್ಮ ಅಧಿಕೃತ ಅಂಕಪಟ್ಟಿಯನ್ನು ತರಿಸಿಟ್ಟುಕೊಳ್ಳುವುದು ಜಾಣತನ. ಸಾಲ ರದ್ದಾದ ಮೇಲೆ ಕಾಲೇಜು ಅದನ್ನು ಕೊಡಲು ತಕರಾರು ತೆಗೆಯಬಹುದು.

ಬರೆಯುವ ಬಗೆ

ಅರ್ಜಿಯನ್ನು ಅದೇ ಸರ್ಕಾರಿ ತಾಣದಲ್ಲಿ ತುಂಬಬಹುದು, ಮುದ್ರಿಸಿ ಅಂಚೆಯಲ್ಲೂ ಕಳಿಸಬಹುದು. ಶುಲ್ಕವಿಲ್ಲ. ಎರಡು ಕಾಲೇಜುಗಳಲ್ಲಿ ಮೋಸ ಹೋಗಿದ್ದರೆ ಎರಡು ಅರ್ಜಿ. ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಆದರೆ ಮೊದಲ ಕರಡನ್ನು ನಿಮಗೆ ಸಲೀಸಾದ ಭಾಷೆಯಲ್ಲಿ, ಕನ್ನಡದಲ್ಲೇ ಬರೆದುಕೊಳ್ಳಿ ಎನ್ನುತ್ತೇನೆ. ಯಾರು, ಯಾವಾಗ, ಏನು ಹೇಳಿದರು ಎಂಬುದು ಮನಸ್ಸಿನ ಭಾಷೆಯಲ್ಲಿ ಚೆನ್ನಾಗಿ ನೆನಪಾಗುತ್ತದೆ. ಪರಭಾಷೆಯಲ್ಲಿ ಶುರುಮಾಡಿದರೆ ‘ಮೋಸ ಮಾಡಿದರು’ ಎಂಬ ಒಂದೇ ಮಾತನ್ನು ನಾಲ್ಕು ಬಗೆಯಲ್ಲಿ ಬರೆದು ನಿಲ್ಲಿಸುತ್ತೇವೆ.

ಕಾಲ್ಪನಿಕ ಉದಾಹರಣೆ ಒಂದು. ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಓದಿದ ಒಬ್ಬಾಕೆ ಹೀಗೆ ಬರೆಯುತ್ತಾರೆ ಎನ್ನೋಣ: ‘ಕಾಲೇಜು ನನಗೆ ದೊಡ್ಡ ಮೋಸ ಮಾಡಿತು. ಒಳ್ಳೆಯ ಭವಿಷ್ಯ ಸಿಗುತ್ತದೆ ಎಂದರು. ಪಾಠ ಚೆನ್ನಾಗಿರಲಿಲ್ಲ. ಇವತ್ತಿಗೂ ಕೆಲಸವಿಲ್ಲದೆ ಕಷ್ಟಪಡುತ್ತಿದ್ದೇನೆ.’ ಇದರಲ್ಲಿ ಪರೀಕ್ಷಿಸಲು ಬರುವ ಸುಳ್ಳು ಒಂದೂ ಇಲ್ಲ. ‘ಒಳ್ಳೆಯ ಭವಿಷ್ಯ’ ಎಂಬುದು ಬೆಣ್ಣೆ ಮಾತು. ಅದು ಸುಳ್ಳೆಂದು ಯಾರೂ ಸಾಬೀತು ಮಾಡಲಾರರು.

ಅದೇ ಆಕೆ ಹೀಗೆ ಬರೆದರೆ: ‘2018ರ ಮಾರ್ಚ್ ಎರಡನೆಯ ವಾರ ಕಾಲೇಜಿನ ಪ್ರವೇಶ ಪ್ರತಿನಿಧಿ ಫೋನಿನಲ್ಲಿ ಮಾತನಾಡಿದರು. ಈ ಕೋರ್ಸಿನ ಕ್ರೆಡಿಟ್‌ಗಳನ್ನು ರಾಜ್ಯದ ಎಲ್ಲ ಸರ್ಕಾರಿ ಕಾಲೇಜುಗಳೂ ನರ್ಸಿಂಗ್ ಪದವಿಗೆ ಒಪ್ಪುತ್ತವೆ ಎಂದರು. ಮರುದಿನದ ಇಮೇಲ್‌ನಲ್ಲೂ ಅದನ್ನೇ ಬರೆದರು, ಪ್ರತಿ ಲಗತ್ತಿಸಿದ್ದೇನೆ. ನರ್ಸ್ ಆಗುವುದೇ ನನ್ನ ಉದ್ದೇಶವೆಂದು ಅವರಿಗೆ ಹೇಳಿದ್ದೆ. ಕ್ರೆಡಿಟ್ ನಡೆಯದೆಂದು ತಿಳಿದಿದ್ದರೆ ಶುಲ್ಕ ಕಡಿಮೆಯಿರುವ ಸಮುದಾಯ ಕಾಲೇಜಿಗೇ ಸೇರುತ್ತಿದ್ದೆ. 2019ರ ಆಗಸ್ಟ್‌ನಲ್ಲಿ ಸರ್ಕಾರಿ ಕಾಲೇಜು ನನ್ನ ಒಂದು ಕ್ರೆಡಿಟ್ಟನ್ನೂ ಒಪ್ಪಲಿಲ್ಲ, ಅದರ ಪತ್ರ ಲಗತ್ತಿಸಿದ್ದೇನೆ. ಮೊದಲಿಂದ ಮತ್ತೆ ಓದಬೇಕಾಯಿತು.’

ಎರಡನೆಯದರಲ್ಲಿ ಅಳು ಇಲ್ಲ, ವಿಶೇಷಣಗಳಿಲ್ಲ. ಹೇಳಿದವರು, ಹೇಳಿದ ದಿನ, ಹೇಳಿದ ಮಾತು, ನಂಬಿ ಮಾಡಿದ ಕೆಲಸ, ಸುಳ್ಳೆಂದು ತಿಳಿದದ್ದು ಹೇಗೆ, ಆದ ನಷ್ಟ. ಪ್ರತಿನಿಧಿಯ ಹೆಸರು ನೆನಪಿದ್ದರೆ ಬರೆಯಿರಿ. ಇಲ್ಲದಿದ್ದರೆ ‘ಪ್ರವೇಶ ವಿಭಾಗದ ಮಹಿಳೆ’ ಎಂದರೂ ನಡೆಯುತ್ತದೆ. ನೆನಪಿಲ್ಲದ ದಿನಾಂಕವನ್ನು ಹುಟ್ಟಿಸಬೇಡಿ. ‘2018ರ ವಸಂತ ಋತು’ ಎಂದು ಬರೆದರೆ ಸಾಕು. ಅರ್ಜಿಯ ಕೊನೆಯಲ್ಲಿ ಎಲ್ಲವೂ ನಿಜವೆಂದು ಸಹಿ ಹಾಕುತ್ತೀರಿ, ಸುಳ್ಳಾದರೆ ಅದು ಶಿಕ್ಷಾರ್ಹ ಅಪರಾಧ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಉತ್ತರಗಳನ್ನು ನಕಲು ಮಾಡುವುದೂ ಬೇಡ. ಒಂದೇ ವಾಕ್ಯ ನೂರು ಅರ್ಜಿಗಳಲ್ಲಿ ಬಂದರೆ ಓದುವವರಿಗೆ ತಿಳಿಯದೇ ಇರುತ್ತದೆಯೇ?

ನಷ್ಟದ ಭಾಗವನ್ನು ಅಸಡ್ಡೆ ಮಾಡಬೇಡಿ. ಕೆಲಸಕ್ಕೆ ಎಷ್ಟು ಅರ್ಜಿ ಹಾಕಿದಿರಿ, ಏನು ಉತ್ತರ ಬಂತು, ಪರವಾನಗಿ ಪರೀಕ್ಷೆಗೆ ಕೂರಲು ಬಿಡಲಿಲ್ಲವೇ, ಮತ್ತೆ ಓದಲು ಎಷ್ಟು ಖರ್ಚಾಯಿತು ಎಂಬುದನ್ನೆಲ್ಲ ಬರೆಯಿರಿ. ಸಾಲ ಮಾಡಿದ್ದಷ್ಟೇ ನಷ್ಟವೆಂದು 2020ರ ಜುಲೈ ನಂತರದ ಸಾಲದ ನಿಯಮ ಒಪ್ಪುವುದಿಲ್ಲ.

ಸಲ್ಲಿಸಿದ ಮೇಲೆ

ಅರ್ಜಿ ಸಂಖ್ಯೆಯ ಇಮೇಲ್ ಬರುತ್ತದೆ. ಜೋಪಾನವಾಗಿಡಿ. ಅರ್ಜಿಯಲ್ಲೇ ಒಂದು ಪ್ರಶ್ನೆಯಿದೆ: ತೀರ್ಮಾನ ಆಗುವವರೆಗೆ ಕಂತು ಕಟ್ಟುವುದನ್ನು ತಡೆಹಿಡಿಯಬೇಕೇ? ಹೌದೆಂದರೆ ಕಂತು ನಿಲ್ಲುತ್ತದೆ, ಆದರೆ ಬಡ್ಡಿ ಬೆಳೆಯುತ್ತಿರಬಹುದು. ಅರ್ಜಿ ತಿರಸ್ಕೃತವಾದರೆ ಆ ಬಡ್ಡಿಯೂ ನಿಮ್ಮ ಮೇಲೆಯೇ. ಆದಾಯಕ್ಕೆ ತಕ್ಕಂತೆ ಕಂತು ಕಟ್ಟುವ ಯೋಜನೆಯಲ್ಲಿ ತಿಂಗಳ ಹಣ ತೀರ ಕಡಿಮೆಯಿರುವವರು, ಸರ್ಕಾರಿ ಅಥವಾ ಸೇವಾಸಂಸ್ಥೆಯ ಕೆಲಸದಲ್ಲಿದ್ದು ಇಂತಿಷ್ಟು ಕಂತು ಕಟ್ಟಿದವರಿಗೆ ಸಿಗುವ ಸಾರ್ವಜನಿಕ ಸೇವೆಯ ಮನ್ನಾಕ್ಕೆಂದು ಕಂತು ಎಣಿಸುತ್ತಿರುವವರು ಯೋಚಿಸಿ ಉತ್ತರಿಸಬೇಕು. ಸುಸ್ತಿ ಬಿದ್ದ ಸಾಲವಾದರೆ ಎರಡನೆಯ ಮಾತಿಲ್ಲದೆ ತಡೆ ಕೇಳಿ. ಸುಸ್ತಿ ಸಾಲಕ್ಕೆ ಕೋರ್ಟಿನ ಅಪ್ಪಣೆಯಿಲ್ಲದೆಯೇ ಸಂಬಳದ ಶೇ 15ರವರೆಗೆ ಹಿಡಿದುಕೊಳ್ಳುವ, ತೆರಿಗೆ ಮರುಪಾವತಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ.

ಕಂತು ನಿಂತಿತೆಂದು ಊಹಿಸಿಕೊಂಡು ಸುಮ್ಮನಿರಬೇಡಿ. ವಸೂಲಿ ಕಂಪನಿಯ ಖಾತೆಯಲ್ಲಿ ಕಂತು ನಿಂತಿರುವುದು ಕಣ್ಣಿಗೆ ಕಾಣುವವರೆಗೆ ಕಟ್ಟುತ್ತಲೇ ಇರಿ. ಇಲಾಖೆ ಹೇಳಿದ್ದು ಕಂಪನಿಯ ಕಂಪ್ಯೂಟರಿಗೆ ಇಳಿಯಲು ಹೊತ್ತು ಹಿಡಿಯುತ್ತದೆ.

2020ರ ಜುಲೈ ನಂತರದ ಸಾಲಗಳಲ್ಲಿ ನಿಮ್ಮ ಅರ್ಜಿಯ ಪ್ರತಿ ಕಾಲೇಜಿಗೂ ಹೋಗುತ್ತದೆ. ಅವರು ಉತ್ತರ ಕೊಡುತ್ತಾರೆ, ಅದಕ್ಕೆ ನೀವು ಮರುತ್ತರ ಬರೆಯಲು ಅವಕಾಶವಿದೆ. ಆ ಪತ್ರ ಬಂದಾಗ ಗಡುವು ನೋಡಿ ತಪ್ಪದೆ ಬರೆಯಿರಿ. ‘ನಮ್ಮ ಕರಾರಿನಲ್ಲಿ ಉದ್ಯೋಗದ ಖಾತರಿ ಇಲ್ಲವೆಂದು ಬರೆದಿದೆ, ವಿದ್ಯಾರ್ಥಿ ಸಹಿ ಹಾಕಿದ್ದಾರೆ’ ಎಂಬುದು ಕಾಲೇಜುಗಳ ಹಳೆಯ ಪಲ್ಲವಿ. ಖಾತರಿ ಕೊಡದಿರುವುದು ಬೇರೆ, ಶೇಕಡಾವಾರು ಲೆಕ್ಕವನ್ನೇ ಸುಳ್ಳು ಹೇಳುವುದು ಬೇರೆ ಎಂದು ನೇರವಾಗಿ ಬರೆಯಬಹುದು.

ಎಷ್ಟು ಕಾಲ? ವರ್ಷಗಳೇ ಆಗಬಹುದು. ಮಂಜೂರಾದರೆ ಉಳಿದ ಸಾಲ ಪೂರ್ತಿಯೋ ಭಾಗಶಃವೋ ರದ್ದಾಗುತ್ತದೆ, ಕೆಲವೊಮ್ಮೆ ಈಗಾಗಲೇ ಕಟ್ಟಿದ್ದೂ ಹಿಂದಿರುಗುತ್ತದೆ. ತಿರಸ್ಕರಿಸಿದರೆ ಪತ್ರದಲ್ಲಿ ಕಾರಣವಿರುತ್ತದೆ. ಮರುಪರ್ಯಾಲೋಚನೆಗೆ ಅವಕಾಶವಿದೆಯೇ ಎಂಬುದು ನಿಮ್ಮ ಸಾಲದ ಅವಧಿಯ ನಿಯಮದ ಮೇಲೆ ನಿಂತಿದೆ. ಅವಕಾಶವಿದ್ದರೆ ಹೊಸ ಸಾಕ್ಷ್ಯದೊಂದಿಗೆ ಕೇಳಿ, ಹಳೆಯದನ್ನೇ ಜೋರಾಗಿ ಹೇಳಿ ಪ್ರಯೋಜನವಿಲ್ಲ. ಈ ಹಂತದಲ್ಲಿ ವಕೀಲರ ನೆರವು ಬೇಕೆನಿಸಿದರೆ ನಿಮ್ಮ ಊರಿನ ‘ಲೀಗಲ್ ಏಡ್’ ಕಚೇರಿಗೆ ಹೋಗಿ. ಆದಾಯ ಕಡಿಮೆಯಿರುವವರಿಗೆ ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ.

ಖಾಸಗಿ ಸಾಲಕ್ಕೆ

ದಾರಿ ಕಿರಿದು, ಆದರೂ ಇದೆ. ನಿಮ್ಮ ಸಾಲಪತ್ರದಲ್ಲಿ ‘ನೋಟಿಸ್: ಎನಿ ಹೋಲ್ಡರ್’ ಎಂದು ಶುರುವಾಗುವ, ದಪ್ಪಕ್ಷರದ ಒಂದು ಎಚ್ಚರಿಕೆ ಇದೆಯೇ ನೋಡಿ. ಎಫ್‌ಟಿಸಿ 1975ರಲ್ಲಿ ಮಾಡಿದ ನಿಯಮದ ಫಲ ಅದು. ಮಾರಾಟಗಾರರ ಮೇಲೆ ನಿಮಗಿರುವ ತಕರಾರನ್ನು ಸಾಲ ಕೊಟ್ಟವರ ಮೇಲೂ ಎತ್ತಬಹುದು ಎಂಬುದು ಅದರ ಸಾರ. ಕಾಲೇಜಿನ ಜೊತೆ ಕೈಜೋಡಿಸಿ ಕೊಟ್ಟ ಸಾಲಗಳಲ್ಲಿ ಇದು ಇರಬೇಕು. ಐಟಿಟಿ ಟೆಕ್ ವಿದ್ಯಾರ್ಥಿಗಳ ತಲೆಗೆ ಕಟ್ಟಿದ್ದ ‘ಪೀಕ್ಸ್’ ಎಂಬ ಖಾಸಗಿ ಸಾಲಗಳಲ್ಲಿ 33 ಕೋಟಿ ಡಾಲರ್ 2020ರಲ್ಲಿ ರದ್ದಾಯಿತು. 2022ರ ಜನವರಿಯಲ್ಲಿ ನೇವಿಯಂಟ್ ಕಂಪನಿ 39 ರಾಜ್ಯ ಮಟ್ಟದ ಅಟಾರ್ನಿ ಜನರಲ್‌ಗಳ ಜೊತೆ ಇತ್ಯರ್ಥ ಮಾಡಿಕೊಂಡು 170 ಕೋಟಿ ಡಾಲರ್ ಖಾಸಗಿ ಸಾಲ ಬಿಟ್ಟಿತು. ಇವೆಲ್ಲ ರಾಜ್ಯಗಳೋ ಕೇಂದ್ರದ ಸಂಸ್ಥೆಗಳೋ ಬೆನ್ನು ಹತ್ತಿದ್ದರಿಂದ ಆದದ್ದು. ಆದ್ದರಿಂದ ಸಾಲಕ್ಕೆ ಜಾಮೀನು ಹಾಕಿದ ಅಣ್ಣನೋ ಚಿಕ್ಕಪ್ಪನೋ ಇದ್ದರೆ ಅವರನ್ನೂ ಕೂರಿಸಿಕೊಂಡು, ರಾಜ್ಯದ ಅಟಾರ್ನಿ ಜನರಲ್‌ಗೆ ಲಿಖಿತ ದೂರು ಕೊಡಿ.

ಹಣ ಕೇಳುವವರು

ಬಾರೋವರ್ ಡಿಫೆನ್ಸ್ ಸುದ್ದಿಯಾದಾಗಲೆಲ್ಲ ಫೋನುಗಳು ಮೊಳಗುತ್ತವೆ. ‘ನಿಮ್ಮ ಅರ್ಜಿ ಬೇಗ ಮುಗಿಸಿಕೊಡುತ್ತೇವೆ, ಮುಂಗಡ ಇಷ್ಟು.’ ಸಾಲ ಪರಿಹಾರದ ಹೆಸರಿನಲ್ಲಿ ಫೋನಿನ ಮೇಲೆ ಹೀಗೆ ಮುಂಗಡ ಕೇಳುವುದೇ ಕಾನೂನುಬಾಹಿರ. ಹಣಕ್ಕಿಂತ ದೊಡ್ಡ ಅಪಾಯ ಖಾತೆಯ ಗುಪ್ತಪದ. ಅದನ್ನು ಕೊಟ್ಟರೆ ನಿಮ್ಮ ವಿಳಾಸ, ಫೋನ್ ಸಂಖ್ಯೆ ಬದಲಾಯಿಸಿ, ಇಲಾಖೆಯ ಪತ್ರವೇ ನಿಮಗೆ ತಲುಪದಂತೆ ಮಾಡುತ್ತಾರೆ. ಒಮ್ಮೆ ಮೋಸ ಹೋದವರ ಪಟ್ಟಿ ಮತ್ತೊಬ್ಬ ಮೋಸಗಾರನಿಗೆ ಬಂಡವಾಳ. ಕನ್ನಡದಲ್ಲೇ ಮಾತನಾಡಿ ‘ನಮ್ಮವರು’ ಎನಿಸಿದರೂ ಗುಪ್ತಪದ ಕೊಡಬೇಡಿ.

ತೆರಿಗೆ

ರದ್ದಾದ ಸಾಲವನ್ನು ಆದಾಯವೆಂದು ಎಣಿಸಿ ತೆರಿಗೆ ಕೇಳುವುದು ಅಮೆರಿಕದ ಸಾಮಾನ್ಯ ನಿಯಮ. 2021ರ ಕಾನೂನೊಂದು ವಿದ್ಯಾಸಾಲಕ್ಕೆ ಇದರಿಂದ ಕೊಟ್ಟಿದ್ದ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಆದರೆ ಬಾರೋವರ್ ಡಿಫೆನ್ಸ್ ಮತ್ತು ಮುಚ್ಚಿದ ಕಾಲೇಜಿನ ಮನ್ನಾಗಳನ್ನು ಆದಾಯವಾಗಿ ಎಣಿಸುವುದಿಲ್ಲವೆಂದು ತೆರಿಗೆ ಇಲಾಖೆ ಐಆರ್‌ಎಸ್ 2020ರಲ್ಲೇ ಪ್ರತ್ಯೇಕ ಸುತ್ತೋಲೆ ಹೊರಡಿಸಿತ್ತು. ಅದರ ಸಂಖ್ಯೆ ರೆವೆನ್ಯೂ ಪ್ರೊಸೀಜರ್ 2020-11. ಸಾಲ ರದ್ದಾದ ವರ್ಷ, ರದ್ದಾದ ಸಾಲದ ಮೊತ್ತ ತಿಳಿಸುವ ‘1099-ಸಿ’ ತೆರಿಗೆ ನಮೂನೆ ಮನೆಗೆ ಬಂದರೆ ಈ ಸಂಖ್ಯೆಯನ್ನು ನಿಮ್ಮ ತೆರಿಗೆ ಲೆಕ್ಕಿಗರಿಗೆ ತೋರಿಸಿ. ರಾಜ್ಯದ ತೆರಿಗೆಯನ್ನು ಬೇರೆಯಾಗಿ ಕೇಳಿ, ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಮನ್ನಾ ಪತ್ರವನ್ನು, ಬಾಕಿ ಸೊನ್ನೆಯೆಂದು ತೋರಿಸುವ ಖಾತೆಯ ಪುಟವನ್ನು ಮುದ್ರಿಸಿ ತೆರಿಗೆ ಕಾಗದಗಳ ಜೊತೆಗೇ ಇಡಿ. ಒಂದೆರಡು ತಿಂಗಳ ಬಳಿಕ ಕ್ರೆಡಿಟ್ ವರದಿ ತರಿಸಿ ಹಳೆಯ ಸುಸ್ತಿಯ ದಾಖಲೆ ಅಳಿಸಿದೆಯೇ ನೋಡಿ. ಅಳಿಸದಿದ್ದರೆ ಅದೇ ಪತ್ರದ ಪ್ರತಿ ಲಗತ್ತಿಸಿ ಕ್ರೆಡಿಟ್ ಸಂಸ್ಥೆಗೆ ತಕರಾರು ಸಲ್ಲಿಸಿ.